ನಾಲ್ಕು ದೆವ್ವ, ನಾಲ್ಕು ಬುದ್ಧಿ

ರಾಯರೇ, ಹುಡುಗನ್ನ ಬೈಬೇಡಿ. ಬೆಳಗ್ಗೆಯಿಂದ ನಿಮ್ಮ ದನಿ ಕಾಂಪೌಂಡ್ ಗೋಡೆ ದಾಟಿ ನಮ್ಮ ಅಡುಗೆಮನೆವರೆಗೂ ಬರ್ತಿದೆ. ರಜಕ್ಕೆ ಬಂದ ಮೊಮ್ಮಗ ಹೊರಗೆ ಆಡೋದು ಬಿಟ್ಟು ಕಂಪ್ಯೂಟರ್ ಮುಂದೆ ಕೂತು ಆಟ ಆಡ್ತಾನೆ ಅಂತ ತಾನೇ ನಿಮ್ಮ ಸಿಟ್ಟು? ನಿನ್ನೆ ಸಂಜೆ ಅವನೇ ಕರೆದ ಅಂತ ಬಂದು ನೋಡಿದೆ. ಅವನು ಆಟ ಆಡ್ತಿಲ್ಲ, ಆಟ ಕಟ್ತಿದ್ದಾನೆ. ಅದೂ ಎಂಥದ್ದು ಅಂತೀರಿ, ಪ್ಯಾಕ್‌ಮ್ಯಾನ್! 1980ರಲ್ಲಿ ಜಪಾನಿನ ನಾಮ್ಕೋ ಕಂಪನಿಯಲ್ಲಿ ತೋರು ಇವಾತಾನಿ ಅನ್ನೋರು ಮಾಡಿದ ಆಟ. ಹಳದಿ ಬಣ್ಣದ ದುಂಡನೆ ಬಾಯಿ, ಸುತ್ತಿ ಬಳಸಿ ಹೋಗೋ ಓಣಿಗಳು, ಓಣಿ ತುಂಬ ಚುಕ್ಕಿ, ಬೆನ್ನು ಹತ್ತೋ ನಾಲ್ಕು ದೆವ್ವ. ನೀವೂ ಎಲ್ಲಾದರೂ ನೋಡೇ ಇರ್ತೀರಿ.

ಏನಂದ್ರಿ? ಯಾರೋ ಯಾವಾಗಲೋ ಮಾಡಿ ಮುಗಿಸಿದ್ದನ್ನ ಇವನು ಮತ್ತೆ ಮಾಡೋದ್ರಲ್ಲಿ ಏನಿದೆ ಅಂತೀರಾ? ಅದನ್ನ ಹೇಳೋಣ ಅಂತಲೇ ಗೋಡೆ ಹತ್ತಿರ ಬಂದೆ. ಇಷ್ಟು ವರ್ಷ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಟ್ಟವಳು ನಾನು. ಹಳೇ ಆಟವನ್ನ ಕೈಯಾರೆ ಮತ್ತೆ ಕಟ್ಟೋದಕ್ಕಿಂತ ಒಳ್ಳೇ ಪಾಠ ನನಗೆ ಗೊತ್ತಿಲ್ಲ. ಒಲೆ ಮೇಲೇನೂ ಇಟ್ಟಿಲ್ಲ, ನಿಧಾನವಾಗೇ ಹೇಳ್ತೀನಿ ಕೇಳಿ.

ಅವನು ಬಳಸ್ತಿರೋದು ಸ್ಕ್ರ್ಯಾಚ್ ಅಂತ. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ 2007ರಲ್ಲಿ ಎಲ್ಲರ ಕೈಗೆ ಕೊಟ್ಟದ್ದು. ಕಾಸು ಕೊಡಬೇಕಾಗಿಲ್ಲ. ಪ್ರೋಗ್ರಾಂನ ಟೈಪ್ ಮಾಡೋ ಬದಲು ಬಣ್ಣಬಣ್ಣದ ಬ್ಲಾಕುಗಳನ್ನ ಮೌಸಿನಿಂದ ಎಳೆದು ಒಂದರ ಕೆಳಗೊಂದು ಕೂಡಿಸಬೇಕು. ಹಸಿರು ಬಾವುಟ ಒತ್ತಿದಾಗ ಶುರು ಮಾಡು, ಇದನ್ನ ಮಾಡ್ತಾನೇ ಇರು, ಅದಕ್ಕೆ ತಾಗಿದರೆ ನಿಲ್ಲು, ಹೀಗೆ. ಇಂಥ ಸಲಕರಣೆ ಮೊದಲೂ ಇತ್ತು. 1994ರಲ್ಲೇ ಫ್ರಾನ್ಸಿನ ಫ್ರಾನ್ಸ್ವಾ ಲಿಯೋನೆ ಮತ್ತು ಈವ್ ಲಾಮುರೂ ಸೇರಿ ಕ್ಲಿಕ್ ಅಂಡ್ ಪ್ಲೇ ಅಂತ ಮಾಡಿದ್ದರು. ಅದರಲ್ಲಿ ಒಂದು ದೊಡ್ಡ ಕೋಷ್ಟಕ. ಎಡಗಡೆ ‘ಹೀಗಾದರೆ’ ಅನ್ನೋ ಸಾಲುಗಳು, ಮೇಲ್ಗಡೆ ಆಟದ ಪಾತ್ರಗಳು, ಎರಡೂ ಸೇರೋ ಚೌಕದಲ್ಲಿ ‘ಏನು ಮಾಡಬೇಕು’. 1999ರಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಓವರ್‌ಮಾರ್ಸ್ ‘ಆನಿಮೋ’ ಅಂತ ಒಂದು ತಂದರು, ಅದೇ ಮುಂದೆ ಗೇಮ್‌ಮೇಕರ್ ಆಯ್ತು. ಇಂಥ ಸಲಕರಣೆ ಕೈಗೆ ಸಿಕ್ಕಿದ ಹವ್ಯಾಸಿಗಳಲ್ಲಿ ಎಷ್ಟೋ ಮಂದಿ ಮೊದಲು ಕೈ ಹಾಕೋದು ತಾವು ಮನಸಾರೆ ಆಡಿದ ಹಳೇ ಆಟಕ್ಕೇ.

ಅದನ್ನ ಕಾಪಿ ಅಂತ ತಳ್ಳಿಹಾಕಬೇಡಿ. ನಿಮ್ಮ ಮಗಳು ಸಂಗೀತಕ್ಕೆ ಸೇರಿದಾಗ ಮೊದಲ ದಿನವೇ ಸ್ವಂತ ಕೃತಿ ಕಟ್ಟು ಅಂದ್ರಾ ಮೇಷ್ಟ್ರು? ಸರಳೆ ವರಸೆ, ಜಂಟಿ ವರಸೆ, ಆಮೇಲೆ ಪುರಂದರದಾಸರ ಪಿಳ್ಳಾರಿ ಗೀತೆ. ಎಲ್ಲರೂ ಹಾಡಿದ್ದನ್ನೇ ಅವಳೂ ಹಾಡಿದಳು. ಹಾಡ್ತಾ ಹಾಡ್ತಾ ರಾಗದ ನಡೆ ಗಂಟಲಿಗೆ ಹತ್ತಿತು. ಈ ಹುಡುಗ ಮಾಡ್ತಿರೋದೂ ಅದೇ ಅಭ್ಯಾಸ.

ಅವನ ಸ್ಕ್ರೀನ್ ಮೇಲೆ ನಿನ್ನೆ ಏನಾಗ್ತಿತ್ತು ಗೊತ್ತಾ? ಪ್ಯಾಕ್‌ಮ್ಯಾನ್ ತಿರುವಿನಲ್ಲಿ ತಿರುಗ್ತಾನೇ ಇರಲಿಲ್ಲ. ಆಡೋವಾಗ ನಮಗೆ ಇದು ಒಂದು ವಿಷಯ ಅಂತಲೇ ಅನ್ನಿಸಲ್ಲ. ಮೇಲಿನ ಕೀ ಒತ್ತಿದ್ವಿ, ಮೇಲಕ್ಕೆ ಹೋಯ್ತು. ಮಾಡೋಕೆ ಕೂತಾಗ ಗೊತ್ತಾಗುತ್ತೆ. ಇವನು ಬರೆದ ಓಣಿಯ ಅಗಲ ಪ್ಯಾಕ್‌ಮ್ಯಾನ್ ಅಗಲಕ್ಕೆ ಸರಿಸಮ. ಒಂದು ಪಿಕ್ಸೆಲ್ ಮುಂಚೆ ಕೀ ಒತ್ತಿದರೆ ಗೋಡೆ ಮೂಲೆ ತಗಲಿ ನಿಂತುಬಿಡ್ತಾನೆ, ಒಂದು ಪಿಕ್ಸೆಲ್ ತಡವಾದರೆ ಓಣಿ ಬಾಯಿ ದಾಟಿ ಹೋಗಿರ್ತಾನೆ. ಹುಡುಗ ತುಂಬ ಹೊತ್ತು ಇದಕ್ಕೆ ತಲೆ ಕೆಡಿಸಿಕೊಂಡಿದ್ದ. ಆಮೇಲೆ ಅವನಿಗೇ ಹೊಳೀತು: ಕೀ ಒತ್ತಿದ ತಕ್ಷಣ ತಿರುಗಿಸೋದಲ್ಲ, ಒತ್ತಿದ್ದನ್ನ ನೆನಪಿಟ್ಟುಕೊಳ್ಳೋದು! ‘ಇವನು ಮೇಲಕ್ಕೆ ಹೋಗಬೇಕು ಅಂತಿದ್ದಾನೆ’ ಅಂತ ಒಂದು ವೇರಿಯಬಲ್‌ನಲ್ಲಿ ಬರೆದಿಟ್ಟುಕೊಂಡು, ಮೇಲಿನ ದಾರಿ ಸಿಕ್ಕ ಕೂಡಲೇ ತಿರುಗಿಸೋದು. ಹಾಗೆ ಬ್ಲಾಕು ಜೋಡಿಸಿ ಬಾವುಟ ಒತ್ತಿದ, ಪ್ಯಾಕ್‌ಮ್ಯಾನ್ ಬೆಣ್ಣೆಯ ಹಾಗೆ ಜಾರಿಕೊಂಡು ತಿರುಗಿದ. ಹುಡುಗನ ಮುಖ ನೀವು ನೋಡಬೇಕಿತ್ತು.

ಇವಾತಾನಿಯ ಮೂಲ ಆಟ ಇನ್ನೂ ಒಂದು ಹೆಜ್ಜೆ ಮುಂದಿದೆ. ತಿರುವು ಬರೋಕೆ ಕೆಲವು ಪಿಕ್ಸೆಲ್ ಇರೋವಾಗಲೇ ಜಾಯ್‌ಸ್ಟಿಕ್ ತಿರುಗಿಸಿದರೆ ಪ್ಯಾಕ್‌ಮ್ಯಾನ್ ಮೂಲೆಯನ್ನ ಓರೆಯಾಗಿ ಕತ್ತರಿಸಿಕೊಂಡು ಹೋಗ್ತಾನೆ. ದೆವ್ವಗಳಿಗೆ ಆ ಸೌಲಭ್ಯ ಇಲ್ಲ. ಅದಕ್ಕೇ ಬುದ್ಧಿವಂತ ಆಟಗಾರ ತಿರುವು ಜಾಸ್ತಿ ಇರೋ ಕಡೆಗೇ ಓಡಿ ಪಾರಾಗೋದು. ಇನ್ನೊಂದು ಕಡೆ ಪ್ಯಾಕ್‌ಮ್ಯಾನ್‌ಗೆ ಒಂದು ತೊಡಕೂ ಇಟ್ಟಿದ್ದಾರೆ: ಒಂದೊಂದು ಚುಕ್ಕಿ ನುಂಗಿದಾಗಲೂ ಅವನ ಓಟ ಕೂದಲೆಳೆಯಷ್ಟು ತಡೆಯುತ್ತೆ. ಚುಕ್ಕಿ ತಿನ್ನುತ್ತಾ ಓಡಿದರೆ ದೆವ್ವ ಹತ್ತಿರವಾಗುತ್ತೆ, ತಿಂದು ಖಾಲಿಯಾದ ಓಣಿಯಲ್ಲಿ ಓಡಿದರೆ ದೂರವಾಗುತ್ತೆ. ಚುಕ್ಕಿ ಎಷ್ಟಿವೆ ಅಂತೀರಿ? 240 ಸಣ್ಣವು, 4 ದೊಡ್ಡವು, ಒಟ್ಟು 244. ಸ್ಕ್ರ್ಯಾಚ್‌ನಲ್ಲಿ ಒಂದು ಸಲಕ್ಕೆ ಚಿತ್ರಗಳ 300 ತದ್ರೂಪು ಮಾತ್ರ ಮಾಡೋಕಾಗೋದು. ಅಷ್ಟರೊಳಗೆ ಚುಕ್ಕಿಯೆಲ್ಲ ಹಿಡೀತು ಅಂತ ಹುಡುಗ ಎಣಿಸಿ ತೋರಿಸಿದ.

ಈಗ ದೆವ್ವಗಳಿಗೆ ಬನ್ನಿ, ಸ್ವಾರಸ್ಯ ಇರೋದೇ ಅಲ್ಲಿ. ಮೊದಲ ಸಲ ಮಾಡೋರೆಲ್ಲ ಏನು ಮಾಡ್ತಾರೆ, ನಾಲ್ಕಕ್ಕೂ ಒಂದೇ ಮಾತು ಹೇಳ್ತಾರೆ: ಪ್ಯಾಕ್‌ಮ್ಯಾನ್ ಇರೋ ಕಡೆಗೆ ಹೋಗು. ನಿಮ್ಮ ಮೊಮ್ಮಗನೂ ಹಾಗೇ ಮಾಡಿದ. ಸ್ವಲ್ಪ ಹೊತ್ತಿಗೆ ನಾಲ್ಕೂ ಒಂದರ ಹಿಂದೆ ಒಂದು ಸೇರಿಕೊಂಡು ಮೆರವಣಿಗೆ ಹೊರಟವು. ಪ್ಯಾಕ್‌ಮ್ಯಾನ್ ಮುಂದೆ, ಇವು ಹಿಂದೆ. ಆಟ ಸಪ್ಪೆ. ಮೂಲ ಆಟದಲ್ಲಿ ಹಾಗಾಗಲ್ಲ, ಯಾಕೆ ಅಂತ ಕೇಳಿದ. ಯಾಕೆ ಅಂದ್ರೆ ಅಲ್ಲಿ ಒಂದೊಂದು ದೆವ್ವಕ್ಕೂ ಒಂದೊಂದು ಬುದ್ಧಿ. ಕೆಂಪು ದೆವ್ವ ಬ್ಲಿಂಕಿ, ಅದು ನೇರವಾಗಿ ಪ್ಯಾಕ್‌ಮ್ಯಾನ್ ನಿಂತ ಜಾಗಕ್ಕೇ ಗುರಿ ಇಡುತ್ತೆ. ಗುಲಾಬಿ ಬಣ್ಣದ್ದು ಪಿಂಕಿ, ಅದರ ಗುರಿ ಪ್ಯಾಕ್‌ಮ್ಯಾನ್ ಮುಖ ಮಾಡಿದ ಕಡೆ ನಾಲ್ಕು ಮನೆ, ಅಂದ್ರೆ ನಾಲ್ಕು ಚೌಕ, ಮುಂದಕ್ಕೆ, ಅಡ್ಡಗಟ್ಟೋ ಲೆಕ್ಕ. ತಿಳಿನೀಲಿಯದು ಇಂಕಿ, ಅದು ಪ್ಯಾಕ್‌ಮ್ಯಾನ್ ಎದುರಿನ ಎರಡನೇ ಮನೆ ನೋಡುತ್ತೆ, ಕೆಂಪು ದೆವ್ವದಿಂದ ಅಲ್ಲಿಗೆ ಒಂದು ಗೆರೆ ಎಳೆದು, ಅದೇ ಗೆರೆಯನ್ನ ಅಷ್ಟೇ ಉದ್ದ ಮುಂದಕ್ಕೆ ಬೆಳೆಸಿ, ಆ ತುದಿಗೆ ಹೋಗುತ್ತೆ. ಕೆಂಪು ದೆವ್ವ ಹತ್ತಿರ ಬಂದಷ್ಟೂ ಇದೂ ಹತ್ತಿರ ಬರುತ್ತೆ, ಎರಡೂ ಎರಡು ಕಡೆಯಿಂದ ಮುತ್ತುತ್ತವೆ. ಕಿತ್ತಳೆ ಬಣ್ಣದ್ದು ಕ್ಲೈಡ್, ಅದು ಎಂಟು ಮನೆಗಿಂತ ದೂರ ಇದ್ದರೆ ಅಟ್ಟಿಸಿಕೊಂಡು ಬರುತ್ತೆ, ಎಂಟು ಮನೆ ಒಳಗೆ ಬಂದರೆ ಕೆಳಗಿನ ತನ್ನ ಮೂಲೆಗೆ ತಿರುಗಿ ಹೋಗುತ್ತೆ.

ಇಷ್ಟೇ ರಾಯರೇ. ದೊಡ್ಡ ಗಣಿತ ಏನಿಲ್ಲ. ಕವಲು ಬಂದ ಕಡೆ ದೆವ್ವ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೆ: ಈ ದಾರಿಗಳಲ್ಲಿ ನನ್ನ ಗುರಿಗೆ ಹತ್ತಿರವಾದದ್ದು ಯಾವುದು? ಮುಂದಿನ ಗೋಡೆ, ಸುತ್ತುದಾರಿ ಯಾವುದನ್ನೂ ಯೋಚಿಸಲ್ಲ. ಒಂದೊಂದರ ನಿಯಮವೂ ಒಂದೆರಡು ಸಾಲು. ಆದರೂ ನಾಲ್ಕು ಒಟ್ಟಿಗೆ ಸೇರಿದಾಗ ಯಾರೋ ಕೂತು ಸಂಚು ಮಾಡ್ತಿದ್ದಾರೆ ಅನ್ನಿಸುತ್ತೆ. ಅಷ್ಟೇ ಅಲ್ಲ, ಮೊದಲ ಹಂತದ ಶುರುವಿನಲ್ಲಿ 7 ಸೆಕೆಂಡು ದೆವ್ವಗಳು ತಂತಮ್ಮ ಮೂಲೆಗೆ ಹೋಗ್ತವೆ, ಆಮೇಲೆ 20 ಸೆಕೆಂಡು ಅಟ್ಟಿಸಿಕೊಂಡು ಬರ್ತವೆ, ಮತ್ತೆ ಮೂಲೆ, ಮತ್ತೆ ಬೇಟೆ. ಆಡೋನಿಗೆ ಉಸಿರು ತಗೊಳ್ಳೋಕೆ ಬಿಡುವು ಕೊಡೋ ಏರ್ಪಾಡು ಇದು. ಎಷ್ಟೋ ವರ್ಷ ಆಡಿದೋರಿಗೂ ಈ ಬಿಡುವು ಕಣ್ಣಿಗೆ ಬಿದ್ದಿರಲ್ಲ. ಮತ್ತೆ ಕಟ್ಟೋನಿಗೆ ಮಾತ್ರ ಬೀಳುತ್ತೆ. ಯಾಕೆ ಅಂದ್ರೆ ಅದಿಲ್ಲದೆ ಅವನ ಆಟ ಉಸಿರುಗಟ್ಟಿಸುತ್ತೆ.

ಇನ್ನೂ ಒಂದಿದೆ. ಪ್ಯಾಕ್‌ಮ್ಯಾನ್ ಮೇಲಕ್ಕೆ ಮುಖ ಮಾಡಿದಾಗ ಪಿಂಕಿಯ ಗುರಿ ನಾಲ್ಕು ಮನೆ ಮೇಲಕ್ಕೆ ಮಾತ್ರ ಹೋಗಲ್ಲ, ನಾಲ್ಕು ಮನೆ ಎಡಕ್ಕೂ ಸರಿಯುತ್ತೆ. ಅದು ಮೂಲ ಪ್ರೋಗ್ರಾಂನಲ್ಲಿ ಉಳಿದುಹೋದ ಲೆಕ್ಕದ ತಪ್ಪು. ರೀಮೇಕ್ ಮಾಡೋನು ಅದನ್ನ ತಿದ್ದಬೇಕಾ, ಹಾಗೇ ಉಳಿಸಬೇಕಾ? ಉಳಿಸಬೇಕು ಅಂತ ನಾನು. ಲಕ್ಷಾಂತರ ಜನ ಆ ತಪ್ಪಿನ ಜೊತೆಗೇ ಆಡಿ ಪಳಗಿದ್ದಾರೆ. ತಿದ್ದಿದರೆ ಅವರ ಕೈಗೆ ಅದು ಬೇರೆ ಆಟ. ಇಂಥ ಒಂದು ತೀರ್ಮಾನಕ್ಕೆ ಹುಡುಗ ತಾನೇ ಯೋಚಿಸಿ ಬರಬೇಕಲ್ಲ, ಅದೇ ವಿದ್ಯೆ.

ಇದಕ್ಕಿಂತ ಚೆಂದದ ಉದಾಹರಣೆ ಸ್ಪೇಸ್ ಇನ್‌ವೇಡರ್ಸ್. 1978ರಲ್ಲಿ ತೈತೋ ಕಂಪನಿಗೆ ತೊಮೊಹಿರೊ ನಿಶಿಕಾದೊ ಮಾಡಿದ್ದು. ಸಾಲಿಗೆ 11ರಂತೆ 5 ಸಾಲು, 55 ಅನ್ಯಗ್ರಹದ ಜೀವಿಗಳು ಎಡಕ್ಕೆ ಬಲಕ್ಕೆ ಸರೀತಾ ಕೆಳಗಿಳೀತವೆ. ಹೊಡೀತಾ ಹೋದ ಹಾಗೆ ಉಳಿದವು ಚುರುಕಾಗ್ತವೆ. ಕೊನೇದೊಂದು ಉಳಿದಾಗ ಎದೆ ಡವಡವ ಅನ್ನುತ್ತೆ. ನಮ್ಮ ಮಕ್ಕಳು ಇದನ್ನ ಸ್ಕ್ರ್ಯಾಚ್‌ನಲ್ಲೋ ಗೇಮ್‌ಮೇಕರ್‌ನಲ್ಲೋ ಮಾಡಿದರೆ ಎಲ್ಲ ಸರಿಯಾಗಿರುತ್ತೆ, ಆದರೆ ಆ ಡವಡವ ಮಾತ್ರ ಇರಲ್ಲ. 55 ಇದ್ದಾಗಲೂ ಅದೇ ವೇಗ, ಒಂದಿದ್ದಾಗಲೂ ಅದೇ ವೇಗ. ಕಾರಣ ಹುಡುಕಿದರೆ ಹಳೇ ಯಂತ್ರದ ಬಡತನ ಸಿಗುತ್ತೆ. ಆಗಿನ ಇಂಟೆಲ್ 8080 ಪ್ರೊಸೆಸರ್‌ಗೆ 55ನ್ನೂ ಒಂದೇ ಏಟಿಗೆ ಸರಿಸೋ ತಾಕತ್ತಿರಲಿಲ್ಲ. ಚಿತ್ರ ಒಂದೊಂದು ಸಲ ಹೊಸದಾದಾಗಲೂ ಒಂದೊಂದೇ ಜೀವಿ ಹೆಜ್ಜೆ ಇಡ್ತಿತ್ತು. 55 ಇದ್ದಾಗ ಒಂದು ಸುತ್ತು ಮುಗಿಯೋಕೆ ಹೆಚ್ಚುಕಡಿಮೆ ಒಂದು ಸೆಕೆಂಡು. ಹತ್ತೇ ಉಳಿದರೆ ಸುತ್ತು ಬೇಗ ಮುಗೀತು. ಒಂದೇ ಉಳಿದರೆ ಅದು ಪ್ರತಿ ಸಲವೂ ಹೆಜ್ಜೆ ಹಾಕಿತು, ಓಡಿತು. ನಿಶಿಕಾದೊ ಅದನ್ನ ಗಮನಿಸಿ, ಚೆನ್ನಾಗಿದೆ ಅಂತ ಹಾಗೇ ಬಿಟ್ಟರು. ಇವತ್ತಿನ ಕಂಪ್ಯೂಟರ್‌ಗೆ ಆ ಬಡತನ ಇಲ್ಲ, ಹಾಗಾಗಿ ಮಕ್ಕಳು ಅದನ್ನ ನಿಯಮವಾಗಿ ಬರೀಬೇಕು: ಒಂದು ಸಲಕ್ಕೆ ಒಂದೇ ಜೀವಿ ಸರೀಲಿ. ಈ ಒಂದು ಸಾಲು ಬರೆದ ದಿನ ಮಗುವಿಗೆ ಆಟದ ಜೀವ ಎಲ್ಲಿತ್ತು ಅಂತ ಗೊತ್ತಾಗುತ್ತೆ. ಪುಸ್ತಕದಲ್ಲಿ ಓದಿದರೆ ಅಷ್ಟು ಆಳಕ್ಕೆ ಇಳಿಯಲ್ಲ.

ನಿಮ್ಮ ಮಗಳಿಗೆ ಡೇವ್ ನೆನಪಿರುತ್ತೆ, ಕೇಳಿ ನೋಡಿ. ಆಗಿನ ಶಾಲೆಗಳ ಕಂಪ್ಯೂಟರ್ ಲ್ಯಾಬ್ ಅಂದ್ರೆ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಬೇಕಿತ್ತು. ಒಂದೊಂದು ಪರದೆ ಮುಂದೆ ಎರಡು ಮೂರು ಮಕ್ಕಳು. ಮೇಡಂ ಹೇಳಿದ್ದು ಮುಗಿಸಿದ ಮೇಲೆ ಡೇಂಜರಸ್ ಡೇವ್. ಟ್ರೋಫಿ ಹಿಡಿದರೇ ಬಾಗಿಲು ತೆಗೆಯೋದು, ಅದಕ್ಕೆ ಮೊದಲು ಬೆಂಕಿಗೆ ನೀರಿಗೆ ಬೀಳದೆ ಹಾರಬೇಕು. ಆ ಡೇವ್ ಹುಟ್ಟಿದ್ದು ಹೇಗೆ ಅಂತೀರಿ? 1988ರಲ್ಲಿ ಅಮೆರಿಕದ ಜಾನ್ ರೊಮೆರೊ ಆಪಲ್ 2 ಕಂಪ್ಯೂಟರ್‌ಗೆ ಗ್ರಾಬೇಸಿಕ್ ಅನ್ನೋ ಪ್ರೋಗ್ರಾಮಿಂಗ್ ಸಲಕರಣೆ ಮಾಡಿದ್ದ. ಅದರ ಬಗ್ಗೆ ಬರೆದ ಲೇಖನದ ಜೊತೆಗೆ, ಇದರಲ್ಲಿ ಎಂಥ ಆಟ ಮಾಡಬಹುದು ಅಂತ ತೋರಿಸೋಕೆ ಕೊಟ್ಟ ಮಾದರಿ ಅದು. ಮನಸ್ಸಿನಲ್ಲಿದ್ದದ್ದು ನಿಂಟೆಂಡೊದ ಸೂಪರ್ ಮಾರಿಯೋ.

ಅದರ ಮುಂದಿನ ಕತೆ ಇನ್ನೂ ರೋಚಕ. 1990ರ ಸೆಪ್ಟೆಂಬರ್‌ನಲ್ಲಿ ರೊಮೆರೊ ಜೊತೆ ಕೆಲಸ ಮಾಡ್ತಿದ್ದ ಜಾನ್ ಕಾರ್ಮ್ಯಾಕ್, ಟಾಮ್ ಹಾಲ್ ಇಬ್ಬರೂ ರಾತ್ರಿ ಕೂತು ಸೂಪರ್ ಮಾರಿಯೋ ಬ್ರದರ್ಸ್ 3ರ ಮೊದಲ ಹಂತವನ್ನ ಮಾಮೂಲಿ ಪಿಸಿ ಮೇಲೆ ಹಾಗೇ ಕಟ್ಟಿದರು. ಮಾರಿಯೋ ಜಾಗದಲ್ಲಿ ಡೇವ್‌ನ ನಿಲ್ಲಿಸಿದರು. ಯಾರೂ ಹೇಳಿ ಮಾಡಿಸಿದ್ದಲ್ಲ. ಆಗಿನ ಪಿಸಿಯಲ್ಲಿ ಹಿನ್ನೆಲೆ ಅಷ್ಟು ನಯವಾಗಿ ಪಕ್ಕಕ್ಕೆ ಸರಿಸೋದು ಆಗದ ಮಾತು ಅಂತಿದ್ದ ಕಾಲ. ಕಾರ್ಮ್ಯಾಕ್ ಅದಕ್ಕೆ ಉಪಾಯ ಕಂಡುಹಿಡಿದಿದ್ದ. ಬೆಳಗ್ಗೆ ಅದನ್ನ ನೋಡಿದ ರೊಮೆರೊ, ಇನ್ನು ನಾವು ಈ ಕಂಪನಿಯಲ್ಲಿ ಕೂರೋದಲ್ಲ ಅಂತ ತೀರ್ಮಾನಿಸಿಬಿಟ್ಟ. ಮಾರಿಯೋ ಮಾದರಿಯನ್ನ ನಿಂಟೆಂಡೊಗೆ ಕಳಿಸಿದರು, ಅವರು ಬೇಡ ಅಂದರು. ಬೇಡ ಅಂದರೆ ಬಿಡಿ ಅಂತ ಅದೇ ಉಪಾಯದ ಮೇಲೆ ಅದೇ ಡಿಸೆಂಬರ್‌ಗೆ ಕಮಾಂಡರ್ ಕೀನ್ ಅಂತ ಸ್ವಂತ ಆಟ ತಂದರು. 1991ರಲ್ಲಿ ಇಡ್ ಸಾಫ್ಟ್‌ವೇರ್ ಕಟ್ಟಿದರು, 1993ರಲ್ಲಿ ಡೂಮ್ ಬಂತು. ಒಂದು ರಾತ್ರಿಯ ರೀಮೇಕ್ ಎಲ್ಲಿಗೆ ಕರ್ಕೊಂಡು ಹೋಯ್ತು ನೋಡಿ.

ಕಾನೂನು ಕೇಳ್ತೀರಾ? ಕೇಳಬೇಕಾದ್ದೇ. ಆಟದ ನಿಯಮಕ್ಕೆ ಕಾಪಿರೈಟ್ ಇಲ್ಲ. ಚಿತ್ರ, ಸಂಗೀತ, ಪಾತ್ರದ ರೂಪಕ್ಕೆ ಇದೆ. 2012ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಕೋರ್ಟಿನಲ್ಲಿ ಟೆಟ್ರಿಸ್‌ನವರು ಇನ್ನೊಂದು ಕಂಪನಿ ಮೇಲೆ ಹಾಕಿದ ಕೇಸಿನಲ್ಲಿ ಇದೇ ಮಾತು ಬಂತು. ತುಂಡು ಬೀಳೋದು, ಸಾಲು ತುಂಬಿದರೆ ಮಾಯವಾಗೋದು ಯಾರು ಬೇಕಾದರೂ ಬಳಸಬಹುದು. ಆದರೆ ತುಂಡುಗಳ ನೋಟ, ಅಂಕಣದ ಅಳತೆ ಎಲ್ಲ ಹಾಗೆಹಾಗೇ ಎತ್ತೋ ಹಾಗಿಲ್ಲ ಅಂತ ಟೆಟ್ರಿಸ್ ಪರವಾಗಿ ತೀರ್ಪಾಯ್ತು. ಅದಕ್ಕೇ ನಾನು ಮಕ್ಕಳಿಗೆ ಹೇಳೋದು: ಕಲಿಯೋಕೆ ಏನನ್ನಾದರೂ ಕಟ್ಟಿ, ಮನೆಯಲ್ಲಿ ಆಡಿ. ಊರಿಗೆಲ್ಲ ಹಂಚಬೇಕು ಅಂದ್ರೆ ಚಿತ್ರ ನಿಮ್ಮದಿರಲಿ, ಹೆಸರು ನಿಮ್ಮದಿರಲಿ, ಮೂಲ ಯಾರದು ಅಂತಲೂ ಹೇಳಿ.

ಈ ವಿಷಯದಲ್ಲಿ ನನ್ನ ಮನಸ್ಸಿಗೆ ನೋವಾದ ಒಂದು ಪ್ರಸಂಗ ಇದೆ. ಅರ್ಜೆಂಟೀನಾದ ಮಿಲ್ಟನ್ ಗುವಾಸ್ತಿ ಅನ್ನೋರು ನಿಂಟೆಂಡೊದ ಮೆಟ್ರಾಯ್ಡ್ 2 ಆಟವನ್ನ ಗೇಮ್‌ಮೇಕರ್‌ನಲ್ಲಿ ಮತ್ತೆ ಕಟ್ಟಿದರು. ಮೂಲ 1991ರದು, ಗೇಮ್‌ಬಾಯ್‌ನ ಪುಟ್ಟ ಪರದೆಗೆ ಮಾಡಿದ್ದು. ಬಣ್ಣ ಇಲ್ಲ, ದಾರಿ ತೋರಿಸೋ ನಕ್ಷೆ ಇಲ್ಲ, ಎಲ್ಲ ಗುಹೆಗಳೂ ಒಂದೇ ಥರ ಕಂಡು ಜನ ದಾರಿ ತಪ್ಪೋರು. ಇವರು ಹೆಚ್ಚುಕಡಿಮೆ ಹತ್ತು ವರ್ಷ ಬಿಡುವಿನ ವೇಳೆಯಲ್ಲಿ ಕೂತು ಬಣ್ಣ ತುಂಬಿದರು, ನಕ್ಷೆ ಕೊಟ್ಟರು, ಗುಹೆಗೊಂದು ಮುಖ ಕೊಟ್ಟರು. 2016ರ ಆಗಸ್ಟ್‌ನಲ್ಲಿ, ಮೆಟ್ರಾಯ್ಡ್ ಸರಣಿಗೆ 30 ತುಂಬಿದ ದಿನ ಪುಕ್ಕಟೆಯಾಗಿ ಬಿಡುಗಡೆ ಮಾಡಿದರು. ಬೆನ್ನಲ್ಲೇ ನಿಂಟೆಂಡೊ ತೆಗೆಸಿಹಾಕಿತು. ಮುಂದಿನ ವರ್ಷ ಅದೇ ಆಟದ ತನ್ನದೇ ರೀಮೇಕ್ ಬಿಟ್ಟಿತು. ಹಕ್ಕು ಕಂಪನಿಯದು, ಒಪ್ಪಿದೆ. ಆದರೆ ಅಷ್ಟು ಪ್ರೀತಿಯಿಂದ ಮಾಡಿದೋರನ್ನ ಕರೆದು ಮಾತಾಡಿಸಬಹುದಿತ್ತು. ಸೆಗಾ ಕಂಪನಿ ಹಾಗೆ ಮಾಡಿದೆ. ಸೋನಿಕ್ ಆಟಗಳನ್ನ ಅಭಿಮಾನದಿಂದ ಕಟ್ತಿದ್ದ ಆಸ್ಟ್ರೇಲಿಯಾದ ಕ್ರಿಶ್ಚಿಯನ್ ವೈಟ್‌ಹೆಡ್ ಕೈಗೇ ಕೆಲಸ ಕೊಟ್ಟಿತು, 2017ರ ಸೋನಿಕ್ ಮೇನಿಯಾ ಅವರ ಮುಂದಾಳತ್ವದಲ್ಲೇ ಬಂತು. ಗುವಾಸ್ತಿಯ ಹತ್ತು ವರ್ಷವೂ ವ್ಯರ್ಥವಾಗಲಿಲ್ಲ ಅನ್ನೋದು ಸಮಾಧಾನ. ಮೂನ್ ಸ್ಟುಡಿಯೋಸ್ ಅವರನ್ನ ಸೇರಿಸಿಕೊಂಡಿತು; 2020ರಲ್ಲಿ ಬಂದ ಓರಿ ಆಟದ ಎರಡನೇ ಭಾಗದಲ್ಲಿ ಹಂತಗಳನ್ನ ರೂಪಿಸಿದವರಲ್ಲಿ ಅವರೂ ಒಬ್ಬರು.

ಎಲ್ಲರೂ ಹಾಗೆ ಕೆಲಸ ಹಿಡೀಬೇಕು ಅಂತ ನಾನು ಹೇಳ್ತಿಲ್ಲ. ನಿಮ್ಮ ಮೊಮ್ಮಗ ಡಾಕ್ಟರೇ ಆಗಲಿ, ತೋಟವೇ ನೋಡಿಕೊಳ್ಳಲಿ. ಒಂದು ವಸ್ತು ಚೆನ್ನಾಗಿದೆ ಅನ್ನಿಸಿದಾಗ ಅದು ಯಾಕೆ ಚೆನ್ನಾಗಿದೆ ಅಂತ ಬಿಚ್ಚಿ ನೋಡೋ ಅಭ್ಯಾಸ ಬಂದರೆ ಎಲ್ಲಿ ಹೋದರೂ ಬದುಕಿಕೊಳ್ತಾನೆ. ಹೊತ್ತುಹೊತ್ತಿಗೆ ಊಟಕ್ಕೆ ಎಬ್ಬಿಸಿ, ಕಣ್ಣಿಗೆ ವಿಶ್ರಾಂತಿ ಕೊಡಿಸಿ, ಅದೆಲ್ಲ ಸರಿ. ಸಿಟ್ಟು ಮಾತ್ರ ಬೇಡ.

ಆಟ ಮುಗಿದ ಮೇಲೆ ಅವನಿಗೆ ಒಂದು ಕೆಲಸ ಹೇಳಿ. ಮೂಲ ಪ್ಯಾಕ್‌ಮ್ಯಾನ್‌ನಲ್ಲಿ ದೆವ್ವಗಳ ನಡೆ ಗೊತ್ತುಪಡಿಸಿದ್ದು, ಹಾಗಾಗಿ ಜನ ದಾರಿಗಳನ್ನ ಬಾಯಿಪಾಠ ಮಾಡಿಬಿಟ್ಟಿದ್ದರು. 1981ರಲ್ಲಿ ಅಮೆರಿಕದಲ್ಲಿ ಎಂಐಟಿಯ ಓದು ಬಿಟ್ಟು ಬಂದ ಹುಡುಗರು ಜನರಲ್ ಕಂಪ್ಯೂಟರ್ ಅನ್ನೋ ಪುಟ್ಟ ಕಂಪನಿ ಕಟ್ಟಿ, ಯಾರ ಅಪ್ಪಣೆಯೂ ಇಲ್ಲದೆ ಅದನ್ನ ಬದಲಾಯಿಸಿ ಕ್ರೇಜಿ ಆಟೊ ಅಂತ ಮಾಡಿದರು. ಒಂದರ ಬದಲು ನಾಲ್ಕು ಥರದ ಓಣಿ, ಓಡಾಡೋ ಹಣ್ಣು, ಆಗಾಗ ಮನಸ್ಸು ಬಂದ ಕಡೆ ತಿರುಗೋ ದೆವ್ವ. ಅಮೆರಿಕದಲ್ಲಿ ಪ್ಯಾಕ್‌ಮ್ಯಾನ್ ಮಾರ್ತಿದ್ದ ಮಿಡ್‌ವೇ ಕಂಪನಿಗೆ ತೋರಿಸಿದರು. ಅವರು ಒಪ್ಪಿ ಕೊಂಡುಕೊಂಡರು. ಅದೇ ಮಿಸ್ ಪ್ಯಾಕ್‌ಮ್ಯಾನ್ ಆಗಿ ಅಂಗಡಿಗಳಿಗೆ ಬಂದು, ಮೂಲಕ್ಕಿಂತ ಇದೇ ಚೆಂದ ಅಂತ ಎಷ್ಟೋ ಜನರ ಕೈಲಿ ಅನ್ನಿಸಿಕೊಂಡಿತು. ನಾಲ್ಕು ದೆವ್ವಗಳ ಬುದ್ಧಿ ಚೆನ್ನಾಗಿ ಅರ್ಥವಾದೋನಿಗೆ ಮಾತ್ರ ಅದನ್ನ ಎಲ್ಲಿ ಕದಲಿಸಬೇಕು ಅಂತ ಗೊತ್ತಾಗೋದು. ಅದಕ್ಕೇ ಅವನಿಗೆ ಹೇಳಿ, ಇನ್ನೊಂದು ದೆವ್ವ ಮಾಡು ಅಂತ. ಉದಾಹರಣೆಗೆ, ಪ್ಯಾಕ್‌ಮ್ಯಾನ್‌ನ ನೋಡದೆ, ಚುಕ್ಕಿ ಎಲ್ಲಿ ಜಾಸ್ತಿ ಉಳಿದಿದೆಯೋ ಅಲ್ಲಿಗೆ ಮೊದಲೇ ಹೋಗಿ ಕಾಯೋ ದೆವ್ವ. ಅದು ಬೇಡ ಅಂದರೆ ಅವನೇ ಬೇರೆ ಯೋಚಿಸಲಿ. ಆ ಐದನೇ ದೆವ್ವದ ನಿಯಮ ಇವಾತಾನಿಯ ಆಟದಲ್ಲಿ ಇಲ್ಲ, ಅದನ್ನ ಇವನೇ ಬರೀಬೇಕು. ಬರೆದ ದಿನದಿಂದ ಅದು ಅವನ ಸ್ವಂತ ಆಟ.